‘ಗಿಲ್ಟಿ’ ಪದವನ್ನು ಎಲ್ಲಿ, ಹೇಗೆ ಬಳಸಬೇಕು?

ಇಂಗ್ಲಿಷಿನ ‘ಗಿಲ್ಟಿ’ ಎಂಬ ವಿಶೇಷಣಕ್ಕೆ ಎರಡು ನೆಲೆಗಳಿವೆ: ಒಂದು ನ್ಯಾಯಾಲಯದ್ದು, ಇನ್ನೊಂದು ಮನಸ್ಸಿನದು. ಮೊದಲನೆಯದರಲ್ಲಿ ಒಬ್ಬನು ಅಪರಾಧ ಮಾಡಿದ್ದಾನೆಂಬುದು ಸಾಕ್ಷ್ಯದಿಂದಲೋ ಅವನದೇ ಒಪ್ಪಿಗೆಯಿಂದಲೋ ತೀರ್ಮಾನವಾಗುತ್ತದೆ. ಎರಡನೆಯದರಲ್ಲಿ ತಪ್ಪು ನಿಜವಾಗಿ ನಡೆದಿರಲಿ ಬಿಡಲಿ, ತನ್ನಿಂದ ತಪ್ಪಾಯಿತೆಂಬ ಅಳುಕು ಒಳಗೇ ಕೊರೆಯುತ್ತಿರುತ್ತದೆ. ಕನ್ನಡದಲ್ಲಿ ನಾವು ಮೊದಲನೆಯದಕ್ಕೆ ‘ದೋಷಿ’, ‘ತಪ್ಪಿತಸ್ಥ’ ಎಂದೂ ಎರಡನೆಯದಕ್ಕೆ ‘ಪಾಪಪ್ರಜ್ಞೆ’, ‘ಅಪರಾಧಿ ಭಾವ’ ಎಂದೂ ಬೇರೆ ಬೇರೆ ಮಾತುಗಳನ್ನು ಬಳಸುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಪದ ಎರಡೂ ಕಡೆ ದುಡಿಯುವುದರಿಂದ, ಅದರ ಹಿಂದೆ ಬರುವ ಕ್ರಿಯಾಪದವನ್ನೂ ಮುಂದೆ ಬರುವ ಪ್ರಿಪೊಸಿಷನ್ನನ್ನೂ ಗಮನಿಸಿಯೇ ಅರ್ಥವನ್ನು ಹಿಡಿಯಬೇಕು.

ನ್ಯಾಯಾಲಯದ ಅರ್ಥದಲ್ಲಿ ಅಪರಾಧದ ಹೆಸರಿನ ಮುಂಚೆ ‘ಆಫ್’ ಬರುತ್ತದೆ. ‘ಹೀ ವಾಸ್ ಫೌಂಡ್ ಗಿಲ್ಟಿ ಆಫ್ ಥೆಫ್ಟ್’ ಎಂದರೆ ಕಳ್ಳತನದ ಆರೋಪದಲ್ಲಿ ಅವನು ದೋಷಿಯೆಂದು ತೀರ್ಮಾನವಾಯಿತು ಎಂದರ್ಥ. ಆರೋಪವನ್ನು ಒಪ್ಪಿಕೊಂಡ ಸಂದರ್ಭದಲ್ಲಾದರೆ ‘ಪ್ಲೀಡ್’ ಕ್ರಿಯಾಪದವನ್ನೂ ‘ಟು’ ಪ್ರಿಪೊಸಿಷನ್ನನ್ನೂ ಬಳಸಿ ‘ಶೀ ಪ್ಲೀಡೆಡ್ ಗಿಲ್ಟಿ ಟು ದ ಚಾರ್ಜ್’ ಎನ್ನಬೇಕು. ಭಾರತದ ಕ್ರಿಮಿನಲ್ ಪ್ರಕರಣಗಳಲ್ಲಿ ಈ ಮಾತಿಗೆ ನಿಗದಿತ ಹಂತವೇ ಇದೆ: ನ್ಯಾಯಾಧೀಶರು ದೋಷಾರೋಪವನ್ನು ಆರೋಪಿಗೆ ಓದಿ ವಿವರಿಸಿ, ತಪ್ಪೊಪ್ಪಿಕೊಳ್ಳುವಿರೋ ವಿಚಾರಣೆ ಬಯಸುವಿರೋ ಎಂದು ಕೇಳುತ್ತಾರೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಕ್ರಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ.

ಸುದ್ದಿಯನ್ನು ಕನ್ನಡಕ್ಕೆ ತರುವವರು ‘ನಾಟ್ ಗಿಲ್ಟಿ’ ಎಂಬಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಆರೋಪಿ ತಾನೇ ಹಾಗೆ ಹೇಳಿದ್ದರೆ ಅದು ಆರೋಪದ ನಿರಾಕರಣೆ ಮಾತ್ರ. ತೀರ್ಪಿನಲ್ಲಿ ಆ ಮಾತು ಬಂದಿದ್ದರೆ, ಆರೋಪವು ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದಷ್ಟೇ ಅರ್ಥವಾಗಬಹುದು. ಆದ್ದರಿಂದ ‘ನಿರಪರಾಧಿ ಎಂದು ಸಾಬೀತಾಯಿತು’ ಎಂದು ಬರೆಯುವುದಕ್ಕಿಂತ ‘ಖುಲಾಸೆಯಾಯಿತು’ ಎಂದು ಬರೆಯುವುದೇ ಸರಿ. ತೀರ್ಪಿಗೆ ಮೊದಲೇ ಆರೋಪಿಯನ್ನು ಅಪರಾಧಿ ಎಂದು ಕರೆಯುವ ಚಾಳಿಯಂತೂ ನಮ್ಮ ತಲೆಬರಹಗಳನ್ನು ಇನ್ನೂ ಬಿಟ್ಟಿಲ್ಲ.

ಮನಸ್ಸಿನ ಅರ್ಥದಲ್ಲಿ ‘ಫೀಲ್’ ಕ್ರಿಯಾಪದವೂ ‘ಅಬೌಟ್’ ಅಥವಾ ‘ಫಾರ್’ ಕೂಡ ಜೊತೆಯಾಗುತ್ತವೆ. ಅಮ್ಮನ ಮೇಲೆ ರೇಗಿದ್ದಕ್ಕೆ ಮನಸ್ಸು ಚುಚ್ಚುತ್ತಿದ್ದರೆ ‘ಐ ಫೀಲ್ ಗಿಲ್ಟಿ ಅಬೌಟ್ ಶೌಟಿಂಗ್ ಅಟ್ ಹರ್’ ಎನ್ನಬಹುದು. ‘ನನಗೆ ಗಿಲ್ಟ್ ಫೀಲ್ ಆಗ್ತಿದೆ’ ಎಂಬ ನಮ್ಮ ಮಾತಿನ ಜಾಡಿನಲ್ಲೇ ಹೋಗಿ ‘ಗಿಲ್ಟ್ ಈಸ್ ಕಮಿಂಗ್ ಟು ಮಿ’ ಎಂದರೆ ಅದು ಇಂಗ್ಲಿಷ್ ಆಗುವುದಿಲ್ಲ. ‘ಗಿಲ್ಟ್’ ಎಂಬ ನಾಮಪದ ಎಣಿಕೆಗೆ ಸಿಗುವಂಥದ್ದೂ ಅಲ್ಲ. ‘ಎ ಗಿಲ್ಟ್’, ‘ಗಿಲ್ಟ್ಸ್’ ಎಂಬ ರೂಪಗಳನ್ನು ಬಿಡುವುದು ಲೇಸು.

‘ಆಫ್’ ಬಂದಲ್ಲೆಲ್ಲ ಕಟಕಟೆ ಇರುತ್ತದೆಂದು ತಿಳಿಯಬೇಕಾಗಿಲ್ಲ. ‘ವೀ ಆರ್ ಆಲ್ ಗಿಲ್ಟಿ ಆಫ್ ವೇಸ್ಟಿಂಗ್ ಟೈಮ್’ ಎಂಬ ವಾಕ್ಯದಲ್ಲಿ ಕಾಲಹರಣದ ದೋಷ ಎಲ್ಲರಲ್ಲೂ ಉಂಟು ಎಂಬ ಹಗುರವಾದ ಒಪ್ಪಿಗೆಯಷ್ಟೇ ಇದೆ. ಆದರೆ ಕಚೇರಿಯ ಪತ್ರದಲ್ಲಿ, ವರದಿ ತಡವಾಯಿತೆಂಬ ಕಾರಣಕ್ಕೆ ‘ಐ ಯಾಮ್ ಗಿಲ್ಟಿ’ ಎಂದು ಬರೆಯುವುದು ಅತಿಯಾಗುತ್ತದೆ. ಅದು ಕ್ಷಮೆ ಕೇಳುವ ಮಾತಲ್ಲ. ಅಲ್ಲಿ ‘ಐ ಯಾಮ್ ಸಾರಿ ಫಾರ್ ದ ಡಿಲೇ’ ಎಂದು ಬರೆದು, ವರದಿ ಯಾವಾಗ ತಲುಪುತ್ತದೆಂಬುದನ್ನು ಮುಂದಿನ ವಾಕ್ಯದಲ್ಲೇ ತಿಳಿಸಿದರೆ ಸಾಕು.

ಕಾಗುಣಿತದ ವಿಷಯದಲ್ಲಿ, ‘ಜಿ’ ಆದಮೇಲಿನ ‘ಯು’ ಅಕ್ಷರಕ್ಕೆ ಉಚ್ಚಾರಣೆಯಿಲ್ಲದಿದ್ದರೂ ಬರವಣಿಗೆಯಲ್ಲಿ ಅದನ್ನು ಬಿಡುವಂತಿಲ್ಲ. ಬಿಟ್ಟರೆ ‘ಗಿಲ್ಟ್’ ಎಂದೇ ಓದಿಸಿಕೊಳ್ಳುವ ಬೇರೊಂದು ಪದವಾಗುತ್ತದೆ. ಅದರ ಅರ್ಥ ಚಿನ್ನದ ಲೇಪ, ನಮ್ಮ ಒಡವೆ ಅಂಗಡಿಗಳ ‘ಗಿಲೀಟು’.