ಮೂರು ಕಂಪನಿ ಒಂದೇ ಲಾಗ್ ಒಪ್ಪಿದ ಕತೆ: ಏರ್‌ಪೋರ್ಟಲ್ಲಿ ನನ್ನ ಬ್ಲಾಕ್‌ಚೈನ್ ಅನುಭವ

ಎರಡು ವರ್ಷದ ಹಿಂದೆ ಮೀಟಿಂಗಲ್ಲಿ ಬ್ಲಾಕ್‌ಚೈನ್ (ಎಲ್ರೂ ಒಂದೊಂದು ಪ್ರತಿ ಇಟ್ಕೊಳ್ಳೋ, ಗುಟ್ಟಾಗಿ ತಿದ್ದೋಕಾಗದ ದಾಖಲೆ ಪುಸ್ತಕ) ಅಂತ ಬಾಯಿ ಬಿಟ್ಟಿದ್ದೇ ತಡ, ನಮ್ಮ ಮ್ಯಾನೇಜರು "ಏನಪ್ಪಾ, ಬಿಟ್‌ಕಾಯಿನ್ ಅಂಗಡಿ ಇಡ್ತೀಯಾ" ಅಂತ ಎಲ್ರನ್ನೂ ನಗಿಸಿದ್ರು. ಈಗ ಆಡಿಟರ್ ಬಂದ್ರೆ ಅದೇ ಪುಣ್ಯಾತ್ಮರು ಮೊದಲು ತೋರಿಸೋದು ನನ್ನ ಡ್ಯಾಶ್‌ಬೋರ್ಡು.

ತಲೆನೋವು ಇದ್ದಿದ್ದು ಏಪ್ರನ್ (ವಿಮಾನ ನಿಲ್ಲೋ ಜಾಗ) ಕಡೆ ಬಾಗಿಲುಗಳ ಕಾರ್ಡ್ ಲಾಗು (ಯಾರು ಯಾವಾಗ ಕಾರ್ಡ್ ತೋರಿಸಿದ್ರು ಅನ್ನೋ ದಾಖಲೆ), ಚೆಕ್-ಇನ್ ಮಷಿನ್‌ಗಳ ಲಾಗಿನ್ ಲಾಗು ಇವೆರಡರದ್ದು. ಏರ್‌ಪೋರ್ಟ್ ಆಪರೇಟರ್, ಗ್ರೌಂಡ್ ಹ್ಯಾಂಡ್ಲರ್ (ಚೆಕ್-ಇನ್, ಲಗೇಜ್ ಕೆಲಸದವರು), ಐಟಿ ವೆಂಡರ್ ಮೂರೂ ಕಡೆಯವರು ಕೈ ಹಾಕ್ತಾರೆ, ಎಡವಟ್ಟಾದ್ರೆ ಒಬ್ಬರ ಹತ್ರ ಇರೋ ಸಾಲು ಇನ್ನೊಬ್ಬರ ಹತ್ರ ಇರಲ್ಲ. 180 ದಿನ ಲಾಗ್ ಇಟ್ಕೊಳ್ಳಿ ಅಂತ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರಲ್ಲೇ ಹೇಳಿದೆ, ಸರಿ, ಇಟ್ಕೊಂಡಿದ್ದನ್ನ ಯಾರೂ ತಿದ್ದಿಲ್ಲ ಅಂತ ತೋರಿಸೋದು ಹೇಗೆ? ಒಬ್ಬರ ಸರ್ವರಲ್ಲಿಟ್ರೆ ಉಳಿದಿಬ್ರು ನಂಬಲ್ಲ. ಅದಕ್ಕೇ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ (ಕಂಪನಿಗಳ ನಡುವೆ ಬಳಸೋ ಖಾಸಗಿ ಬ್ಲಾಕ್‌ಚೈನ್ ಸಾಫ್ಟ್‌ವೇರ್), ಮೂರು ಆರ್ಗ್ (ಕಂಪನಿಗೊಂದು), ಪ್ರತಿ ಸಾಲಿಗೂ ಇಬ್ರಾದ್ರೂ ಎಂಡಾರ್ಸ್ ಮಾಡ್ಬೇಕು, ಅಂದ್ರೆ ಸೈ ಅನ್ಬೇಕು.

ಮೊದಲನೇ ಸಲ ದಡ್ಡನ ಥರ ಪೂರ್ತಿ ಲಾಗನ್ನೇ ಲೆಡ್ಜರಿಗೆ ತುರುಕಿದೆ. ಐದಾರು ವಾರಕ್ಕೆ ಡಿಸ್ಕ್ ತುಂಬಿ ಪಿಯರ್‌ಗಳು (ಲೆಡ್ಜರ್ ಪ್ರತಿ ಇಟ್ಕೊಳ್ಳೋ ಸರ್ವರ್‌ಗಳು) ಮಲಗಿದ್ವು. ಹೊರಗಿಂದ ಕರೆಸಿದ ಕನ್ಸಲ್ಟೆಂಟು ಆರು ಲಕ್ಷದ ಹತ್ರ ಬಿಲ್ ಮಾಡಿ "ಸ್ಟೋರೇಜ್ ಜಾಸ್ತಿ ಮಾಡಿ" ಅಂತ ಹೇಳಿ ಹೋದ. ಆಮೇಲೆ ಲಾಗನ್ನ ಅದರ ಜಾಗದಲ್ಲೇ ಬಿಟ್ಟು, ಐದೈದು ನಿಮಿಷದ ಬ್ಯಾಚಿಗೊಂದು ಮರ್ಕಲ್ ರೂಟ್ (ಎಲ್ಲಾ ಸಾಲುಗಳ ಹ್ಯಾಶ್, ಅಂದ್ರೆ ಬೆರಳಚ್ಚು, ಸೇರಿ ಆಗೋ ಒಂದೇ ಬೆರಳಚ್ಚು; ಒಂದಕ್ಷರ ತಿದ್ದಿದ್ರೂ ಬದಲಾಗುತ್ತೆ) ತೆಗೆದು ಆ 32 ಬೈಟು, ಜೊತೆಗೆ ಎಷ್ಟು ಸಾಲು ಅನ್ನೋ ಲೆಕ್ಕ, ಇಷ್ಟೇ ಚೈನಿಗೆ ಹಾಕಿದೆ. ಹ್ಯಾಶ್ ತೆಗೆಯೋ ಮುಂಚೆ ಸಾಲ್ಟ್ (ಜೊತೆಗೆ ಬೆರೆಸೋ ಗುಟ್ಟಿನ ಅಕ್ಷರಗಳು) ಹಾಕ್ಲೇಬೇಕು, ಇಲ್ದಿದ್ರೆ ಕಾರ್ಡ್ ನಂಬರನ್ನ ಊಹಿಸಿ ಹೊಂದಿಸಿ ನೋಡ್ಬಹುದು. ಆ ಸಾಲ್ಟ್ ಎಲ್ಲಿಂದ ಬರುತ್ತೆ ಅನ್ನೋದು ನನ್ನ ಹತ್ರಾನೇ ಇರ್ಲಿ.

ರಾಫ್ಟ್‌ಗೆ (ಬಹುಮತದ ಮೇಲೆ ಕ್ರಮ ನಿಗದಿ ಮಾಡೋ ವಿಧಾನ) ಮೂರು ಆರ್ಡರರ್ (ದಾಖಲೆಗಳನ್ನ ಸಾಲಾಗಿ ಜೋಡಿಸೋ ಸರ್ವರ್) ಇಟ್ಟು, ಒಂದು ಬಿದ್ರೂ ನಡೆಯುತ್ತೆ ಅಂತ ಬೀಗಿದ್ದೆ. ಮೂರೂ ಒಂದೇ ರ್‍ಯಾಕಲ್ಲಿ! ಯುಪಿಎಸ್ ಟ್ರಿಪ್ ಆಯ್ತು, ಮೂರೂ ಹೋದ್ವು. ಸರಿಯಾಗಿ ಒಂದು ವರ್ಷಕ್ಕೆ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿ ಭಾನುವಾರ ರಾತ್ರಿ ಎಲ್ಲಾ ನಿಂತಿದ್ದು ಬೇರೆ. ಒಂದು ಬಾಗಿಲಿನ ಕಂಟ್ರೋಲರ್ ಗಡಿಯಾರ ನಾಲ್ಕು ನಿಮಿಷ ಹಿಂದೆ ಇತ್ತು, ಅದೊಂದರಿಂದ ದಿನಾ ಸುಳ್ಳು ಅಲಾರಂ, ಎನ್‌ಟಿಪಿ (ನೆಟ್‌ವರ್ಕಲ್ಲಿ ಗಡಿಯಾರಗಳನ್ನ ಹೊಂದಿಸೋ ವ್ಯವಸ್ಥೆ) ಸರಿ ಮಾಡೋ ತನಕ ನನಗೆ ಬೈಗುಳ.

ಮಧ್ಯದಲ್ಲಿ ಸಿಸಿಟಿವಿ ಕ್ಲಿಪ್‌ಗೂ ಹ್ಯಾಶ್ ಹಾಕೋಣ ಅಂತ ಹೊರಟೆ. ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್) ಎಕ್ಸ್‌ಪೋರ್ಟ್ ಮಾಡುವಾಗ ರೀ-ಎನ್‌ಕೋಡ್ ಮಾಡುತ್ತೆ, ಅಂದ್ರೆ ಫೈಲನ್ನ ಹೊಸದಾಗಿ ಬರೆಯುತ್ತೆ, ಅದೇ ಕ್ಲಿಪ್ಪು, ಹ್ಯಾಶ್ ಪ್ರತಿ ಸಲ ಬೇರೆ. ಕೈಬಿಟ್ಟೆ.

ಕೊನೆಗೆ ಹೋದ ಮಳೆಗಾಲದಲ್ಲಿ ಒಂದು ಬೆಳಗಿನ ಜಾವದ ಬ್ಯಾಚು ಡ್ಯಾಶ್‌ಬೋರ್ಡಲ್ಲಿ ಕೆಂಪಾಯ್ತು, ಅಂದ್ರೆ ಲೆಕ್ಕ ಹೊಂದಲಿಲ್ಲ. ಚೈನಲ್ಲಿ 412 ಸಾಲು, ಸರ್ವರಲ್ಲಿ 409. ಸಪೋರ್ಟ್ ಅಕೌಂಟಿಂದ ಯಾರೋ ಮೂರು ಸಾಲು ಅಳಿಸಿದ್ರು. "ಲಾಗ್ ರೊಟೇಷನ್ ಸಾರ್" (ಹಳೇ ಲಾಗು ತಾನಾಗೇ ಸರಿದು ಹೋಗೋದು) ಅಂದ್ರು ಆ ಕಡೆಯವರು. ಉಳಿದಿಬ್ಬರ ಪಿಯರಲ್ಲೂ ಅದೇ ರೂಟ್ ತೆಗೆದು ತೋರಿಸಿದೆ, ಇಪ್ಪತ್ತೇ ನಿಮಿಷದಲ್ಲಿ ಜಗಳ ಮುಗೀತು. ಮೊದಲಾಗಿದ್ರೆ ತಿಂಗಳುಗಟ್ಟಲೆ ಈಮೇಲ್ ಓಡಾಡ್ತಿತ್ತು.

ಆ ಆರು ಲಕ್ಷಾನೂ ಸೇರಿ ಒಟ್ಟು ಹದಿನಾಲ್ಕು ಲಕ್ಷದ ಆಸುಪಾಸು ಆಯ್ತು. 2025ರ ಸೆಪ್ಟೆಂಬರಲ್ಲಿ ಹೀಥ್ರೋ, ಬ್ರಸೆಲ್ಸ್, ಬರ್ಲಿನ್‌ನಲ್ಲಿ ಚೆಕ್-ಇನ್ ಸಾಫ್ಟ್‌ವೇರಿಗೆ ರ್‍ಯಾನ್ಸಮ್‌ವೇರ್ (ಫೈಲು ಲಾಕ್ ಮಾಡಿ ದುಡ್ಡು ಕೇಳೋ ದಾಳಿ) ಹೊಡೀತಲ್ಲ, ಮಾರನೇ ವಾರಾನೇ ಮ್ಯಾನೇಜರು "ನಮ್ಮ ಚೈನ್ ಇದೆಯಲ್ಲ, ನಮಗೇನೂ ಆಗಲ್ಲ ಅಲ್ವಾ" ಅಂದ್ರು. ಆಗುತ್ತೆ ಸಾರ್, ಇದು ಕಳ್ಳನ ಹೆಜ್ಜೆಗುರುತು ಕಾಯುತ್ತೆ, ಬಾಗಿಲು ಕಾಯಲ್ಲ ಅಂದೆ. ಬ್ಯಾಕಪ್ ಬಜೆಟ್ ಫೈಲು ಅವರ ಟೇಬಲ್ ಮೇಲೆ ಇನ್ನೂ ಹಾಗೇ ಇದೆ.