ಸ್ಕ್ಯಾನ್ ಫಿಲಮಿನಲ್ಲಿ ಬಿಳಿ ಬಳೆ ಕಂಡರೆ: ಗಡ್ಡೆಯೋ, ಹುಳದ ಗುಳ್ಳೆಯೋ?

ಶಿರಸಿ ಹತ್ತಿರದ ನಮ್ಮನೆ ಜಗುಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದ ತಮ್ಮನ ಬಲಗೈ ಅದುರತೊಡಗಿತು. ನೋಡನೋಡುತ್ತ ಮೈಯೆಲ್ಲ ಸೆಟೆದು ಬಿದ್ದ. ಹುಬ್ಬಳ್ಳಿಯಲ್ಲಿ ಮೆದುಳಿನ ಸ್ಕ್ಯಾನ್ ಆಯಿತು. ಫಿಲಮ್ ನೋಡಿದ ಒಬ್ಬರು ‘ಗಡ್ಡೆ’ ಅಂದದ್ದೇ, ಅಮ್ಮ ಊಟ ಬಿಟ್ಟಳು. ಕೊನೆಗೆ ಅದು ಲಾಡಿಹುಳದ ಮರಿಯ ಗುಳ್ಳೆ ಎಂದು ತಿಳಿಯಿತು. ನಾನು ನರ್ಸ್ ಆಗಿದ್ದರೂ ಆ ದಿನ ಏನು ಕೇಳಬೇಕೆಂದೇ ಹೊಳೆಯಲಿಲ್ಲ. ನಿಮಗೆ ಹಾಗಾಗಬಾರದು.

ಮೊದಲು ರೋಗಿಯ ಕಥೆ ನೆನಪಿಸಿಕೊಂಡು ಬರೆದಿಡಿ. ಫಿಟ್ಸ್ ಬಂದು, ಮಧ್ಯೆ ಆರಾಮಾಗಿದ್ದರೆ ಗುಳ್ಳೆಯ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಏಳುವಾಗಲೇ ತಲೆನೋವು, ವಾಂತಿ, ವಾರದಿಂದ ವಾರಕ್ಕೆ ಕೈಕಾಲು ಸೋಲುತ್ತ ಬಂದರೆ ಗಡ್ಡೆಯ ಅನುಮಾನ ಬಲವಾಗುತ್ತದೆ. ಆದರೆ ಗಡ್ಡೆಯೂ ಬರೀ ಫಿಟ್ಸ್‌ನಿಂದ ಶುರುವಾಗಬಹುದು. ಫಿಟ್ಸ್ 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಆಮೇಲೆ ಫಿಲಮ್. ಬಳೆಯೊಳಗೆ, ನಡುವಿನಲ್ಲಲ್ಲ, ಒಂದು ಬದಿಗೆ ಅಂಟಿದ ಸಾಸಿವೆ ಕಾಳಿನಂಥ ಚುಕ್ಕೆ ಇದೆಯೇ ಎಂದು ಕೇಳಿ. ಅದು ಹುಳದ ತಲೆ. ಸ್ಪಷ್ಟವಾಗಿ ಕಂಡರೆ ಬಹುಮಟ್ಟಿಗೆ ತೀರ್ಮಾನವಾದಂತೆ. ಅಳತೆಯನ್ನೂ ಕೇಳಿ. ಒಂದೇ ಗುಳ್ಳೆಯಿದ್ದಾಗ ಅದು 20 ಮಿಲಿಮೀಟರ್ ಮೀರಿರಬಾರದು, ಮೆದುಳಿನ ನಡುಗೆರೆ ಪಕ್ಕಕ್ಕೆ ಸರಿದಿರಬಾರದು. ಮೆದುಳಿನ ಕ್ಷಯದ ಗಂಟೂ ಹೀಗೇ ಬಳೆಯಂತೆ ಕಾಣಬಹುದು; ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಅದರಿಂದ ಗುಳ್ಳೆಯನ್ನು ಬೇರೆ ಮಾಡಲು ಹಾಕಿಕೊಟ್ಟ ಲೆಕ್ಕದಲ್ಲಿ ಇವೂ ಸೇರಿವೆ. ಕೆಟ್ಟ ಗಡ್ಡೆಯ ಗೋಡೆ ಸಾಮಾನ್ಯವಾಗಿ ದಪ್ಪ, ಅಂಕುಡೊಂಕು. ಅನುಮಾನ ಉಳಿದರೆ ಎಂಆರ್‌ಐಯಲ್ಲೇ ರಕ್ತದ ಹರಿವನ್ನೂ ರಾಸಾಯನಿಕಗಳನ್ನೂ ಅಳೆಯುತ್ತಾರೆ. ವೇಗವಾಗಿ ಬೆಳೆಯುವ ಗಡ್ಡೆಯಲ್ಲಿ ರಕ್ತದ ಹರಿವೂ ಕೋಲೀನ್ ಎಂಬ ರಾಸಾಯನಿಕವೂ ಹೆಚ್ಚಿರುತ್ತವೆ. ರಕ್ತಪರೀಕ್ಷೆಯೊಂದನ್ನೇ ನಂಬಬೇಡಿ, ಗುಳ್ಳೆ ಒಂದೇ ಇದ್ದಾಗ ಅದು ನೆಗೆಟಿವ್ ಬರಬಹುದು.

‘ನಾವು ಹಂದಿಮಾಂಸ ಮುಟ್ಟುವವರಲ್ಲ’ ಎಂದು ಅಪ್ಪ ಡಾಕ್ಟರ ಎದುರು ಮೂರು ಸಲ ಹೇಳಿದ. ಸರಿಯಾಗಿ ಬೇಯದ ಆ ಮಾಂಸದಿಂದ ಬರುವುದು ಹೊಟ್ಟೆಯ ಹುಳ. ಮೆದುಳಿನ ಗುಳ್ಳೆ ಆಗುವುದು ಹುಳವಿದ್ದವರ ಮಲದಲ್ಲಿನ ಮೊಟ್ಟೆಗಳು ಕೈ, ನೀರು, ಹಸಿ ಸೊಪ್ಪಿನ ಮೂಲಕ ಬಾಯಿಗೆ ಹೋದಾಗ. ಸಸ್ಯಾಹಾರಿ ಎಂಬ ಕಾರಣಕ್ಕೆ ಇದನ್ನು ತಳ್ಳಿಹಾಕಲು ಬಿಡಬೇಡಿ.

ದಯವಿಟ್ಟು ಅಂಗಡಿಯಿಂದ ಹುಳದ ಮಾತ್ರೆ ಆಲ್ಬೆಂಡಜೋಲ್ ತಂದು ನುಂಗಿಸಬೇಡಿ. ಗುಳ್ಳೆ ಸಾಯುವಾಗ ಸುತ್ತ ಬಾವು ಏರಿ ಜೀವಕ್ಕೇ ಕುತ್ತಾಗಬಹುದು. ಅದಕ್ಕೇ ಕಣ್ಣಲ್ಲೂ ಗುಳ್ಳೆಯಿದೆಯೇ ಎಂದು ಪರೀಕ್ಷಿಸಿ, ಬಾವು ತಗ್ಗಿಸುವ ಸ್ಟಿರಾಯ್ಡ್ ಜೊತೆಗೆ ಕೊಡುತ್ತಾರೆ.

ಕೆಲವು ತಿಂಗಳ ನಂತರದ ಸ್ಕ್ಯಾನ್ ತಪ್ಪಿಸಬೇಡಿ. ಕುಗ್ಗಿದರೆ ಗುಳ್ಳೆಯೆಂಬುದು ಗಟ್ಟಿಯಾಗುತ್ತದೆ. ಬೆಳೆದಿದ್ದರೆ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಮಾತು ಬರುತ್ತದೆ. ಹೋಗುವಾಗ ಹಳೆಯ ಸಿಡಿ, ಫಿಲಮ್ ಎರಡನ್ನೂ ಒಯ್ಯಿರಿ. ತಮ್ಮನ ಎರಡು ಫಿಲಮುಗಳನ್ನು ಡಾಕ್ಟರು ಬೆಳಕಿಗೆ ಜೋಡಿಸಿ ಹಿಡಿದಾಗ ಬಳೆ ಇದ್ದ ಜಾಗದಲ್ಲಿ ಸುಣ್ಣದ ಚುಕ್ಕೆಯೊಂದೇ ಇತ್ತು. ಫಿಟ್ಸ್ ಮಾತ್ರೆ ಇನ್ನೂ ನಡೆದಿದೆ.