ಐರ್ಲೆಂಡಿಗೆ ಹೊಸದಾಗಿ ಬಂದವರು ಊರ ಹೆಸರು ಓದುವ ಬಗೆ

ಡಬ್ಲಿನ್‌ಗೆ ಬಂದಿಳಿದ ಕೂಡಲೇ ಮನೆ ಹುಡುಕಾಟ ಶುರುವಾಗುತ್ತದೆ. ಕ್ಲಾನ್ಸಿಲ್ಲಾ, ಕ್ಯಾಸಲ್‌ನಾಕ್, ಲೂಕನ್, ಡಂಡ್ರಮ್, ಲೆಪರ್ಡ್ಸ್‌ಟೌನ್ ಎಂದು ಹೆಸರುಗಳ ಸಾಲು ಎದುರಾಗುತ್ತದೆ. ಬಾಡಿಗೆ, ಬಸ್ಸು, ಶಾಲೆಯ ವಿಷಯ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ನಾನು ಈ ಹೆಸರುಗಳ ಬಗ್ಗೆ ಹೇಳುತ್ತೇನೆ. ಇವು ಇಂಗ್ಲಿಷಿನಂತೆ ಕಂಡರೂ ಬಹುಪಾಲು ಐರಿಷ್ ಭಾಷೆಯವು. ಇಂಗ್ಲಿಷ್ ಅರ್ಥ ಹಚ್ಚಲು ಹೋದರೆ ದಾರಿ ತಪ್ಪುತ್ತದೆ.

ಲೆಪರ್ಡ್ಸ್‌ಟೌನ್‌ಗೂ ಚಿರತೆಗೂ ಸಂಬಂಧವಿಲ್ಲ. ಐರಿಷ್‌ನಲ್ಲಿ ಅದು ಕುಷ್ಠರೋಗಿಗಳ ಊರು. ಮಧ್ಯಯುಗದಲ್ಲಿ ಅಲ್ಲಿನ ಜಮೀನು ಅವರ ಆಸ್ಪತ್ರೆಗೆ ಸೇರಿತ್ತು. ಫೀನಿಕ್ಸ್ ಪಾರ್ಕ್‌ನ ಹೆಸರು ಹುಟ್ಟಿದ್ದು ‘ಫಿನ್ ಇಶ್ಕ’ದಿಂದ, ಅಂದರೆ ತಿಳಿನೀರು. ಇಂಗ್ಲಿಷ್ ಕಿವಿಗೆ ಅದು ಫೀನಿಕ್ಸ್ ಎಂದು ಕೇಳಿಸಿತು. 1747ರಲ್ಲಿ ಅಲ್ಲಿ ಫೀನಿಕ್ಸ್ ಹಕ್ಕಿಯ ಕಂಬವನ್ನೂ ನಿಲ್ಲಿಸಿದರು. ಹೀಗೆ ಕಿವಿಗೆ ಬಿದ್ದಂತೆ ಬರೆಯುವ ರೂಢಿ ಶತಮಾನಗಳಿಂದ ಇತ್ತು. 1824ರಲ್ಲಿ ಆರಂಭವಾದ ಬ್ರಿಟಿಷರ ಭೂಮಾಪನ ಆ ರೂಪಗಳನ್ನು ನಕ್ಷೆಯಲ್ಲಿ ಖಾಯಂ ಮಾಡಿತು. ಆದರೆ ಅದೇ ಕೆಲಸಕ್ಕೆ ಸೇರಿದ ಜಾನ್ ಓಡೊನೊವನ್ ಎಂಬ ವಿದ್ವಾಂಸ ಊರೂರು ಅಲೆದು, ಹಿರಿಯರ ಬಾಯಿಂದ ಮೂಲ ಹೆಸರುಗಳನ್ನು ಕೇಳಿ ಬರೆದುಕೊಂಡ. ಆತನಿಗೆ ನಾವೆಲ್ಲ ಋಣಿಗಳು.

ಓದುವ ಕೀಲಿ ಸುಲಭವಾಗಿದೆ. ನಮ್ಮಲ್ಲಿ ಹಳ್ಳಿ, ಕೆರೆ, ಕಟ್ಟೆ ಹೆಸರಿನ ಕೊನೆಗೆ ಬರುತ್ತವೆ. ಇಲ್ಲಿ ಅಂಥ ಪದಗಳು ಮೊದಲೇ ಬರುತ್ತವೆ. ‘ಬ್ಯಾಲಿ’ ಅಂದರೆ ಊರು. ‘ನಾಕ್’ ಗುಡ್ಡ, ‘ಡ್ರಮ್’ ದಿಬ್ಬದ ಏಣು, ‘ಡನ್’ ಕೋಟೆ. ಹಾಗಾಗಿ ಡಂಡ್ರಮ್ ಅಂದರೆ ದಿಬ್ಬದ ಮೇಲಿನ ಕೋಟೆ. ‘ಕ್ಲಾನ್’ ಹುಲ್ಲುಗಾವಲು, ಕ್ಲಾನ್ಸಿಲ್ಲಾ ವಿಲೋ ಮರಗಳ ಹುಲ್ಲುಗಾವಲು, ಕ್ಲಾಂಟಾರ್ಫ್ ಗೂಳಿಯ ಹುಲ್ಲುಗಾವಲು. ‘ಕಿಲ್’ ಕಂಡರೆ ಗಾಬರಿ ಬೇಡ, ಅದು ಚರ್ಚು. ಕಿಲ್ಡೇರ್ ಓಕ್ ಮರದ ಚರ್ಚು, ಸಂತ ಬ್ರಿಜಿಡ್‌ಳ ಊರು. ಕೆಲವೆಡೆ ಮಾತ್ರ ‘ಕಿಲ್’ ಕಾಡು ಎಂಬ ಬೇರೆ ಪದದಿಂದ ಬಂದಿರುತ್ತದೆ. ಐರಿಷ್ ರೂಪ ನೋಡದೆ ಅದನ್ನು ತೀರ್ಮಾನಿಸಲು ಆಗುವುದಿಲ್ಲ. ರಸ್ತೆ ಫಲಕದಲ್ಲಿ ಮೇಲಿನ ಸಾಲಿನಲ್ಲಿ, ವಾಲಿದ ಅಕ್ಷರದಲ್ಲಿ ಇರುವುದೇ ಆ ರೂಪ. ಬಸ್ಸಿನ ಮುಂದೆ ‘ಆನ್ ಲಾರ್’ ಎಂದಿದ್ದರೆ ಅದು ಊರಲ್ಲ, ಪೇಟೆಯ ನಡುಭಾಗಕ್ಕೆ ಹೋಗುವ ಬಸ್ಸು.

ಇನ್ನು ಕಥೆಗಳು. ಸ್ಥಳಪುರಾಣಕ್ಕೆ ಐರಿಷ್‌ನಲ್ಲಿ ‘ದಿನ್‌ಶನಹಸ್’ ಎಂಬ ಪ್ರತ್ಯೇಕ ಸಾಹಿತ್ಯವೇ ಇದೆ. ಅವರ ಮಹಾಕಥೆ ‘ಟಾಯ್ನ್’ ಒಂದು ತುರುಗೋಳಿನ ಕಥೆ. ಕೊನಾಕ್ಟ್‌ನ ರಾಣಿ ಮೇವ್ ಒಂದು ಕಂದು ಗೂಳಿಗಾಗಿ ಅಲ್ಸ್ಟರ್ ಮೇಲೆ ದಂಡೆತ್ತಿ ಬರುತ್ತಾಳೆ. ಕೊನೆಯಲ್ಲಿ ಆ ಗೂಳಿ ಕೊನಾಕ್ಟ್‌ನ ಬಿಳಿಕೊಂಬಿನ ಗೂಳಿಯನ್ನು ಕೊಂದು, ಅದರ ಅವಶೇಷಗಳನ್ನು ಕೊಂಬಿನಲ್ಲಿ ಹೊತ್ತು ದೇಶದುದ್ದಕ್ಕೂ ನಡೆಯುತ್ತದೆ. ಸೊಂಟದ ಭಾಗ ಬಿದ್ದ ಕಡವು, ಅಂದರೆ ಹೊಳೆ ದಾಟುವ ಜಾಗ, ಅಥ್ಲೋನ್ ಆಯಿತು ಎನ್ನುತ್ತದೆ ಕಥೆ. ಲುವನ್ ಎಂಬವನ ಕಡವು ಅನ್ನುವುದು ಪಂಡಿತರ ವಿವರಣೆ. ನನಗೆ ಗೂಳಿಯ ಕಥೆಯೇ ಇಷ್ಟ.

ಅದೇ ಯುದ್ಧದಲ್ಲಿ ಅಲ್ಸ್ಟರ್‌ನ ವೀರ ಕೂಹುಲಿನ್ ಮತ್ತು ಮೇವ್ ಕಡೆಯ ಫರ್ಡಿಯಾ ಒಂದು ಕಡವಿನಲ್ಲಿ ಎದುರಾಗುತ್ತಾರೆ. ಒಬ್ಬಳೇ ಗುರುವಿನ ಹತ್ತಿರ ಕಲಿತ ಜೀವದ ಗೆಳೆಯರು. ಹಗಲೆಲ್ಲ ಹೊಡೆದಾಡಿ, ಸಂಜೆ ಆಯುಧ ಇಳಿಸಿ ಅಪ್ಪಿಕೊಳ್ಳುತ್ತಾರೆ. ಕೂಹುಲಿನ್ ಗಾಯಕ್ಕೆ ಹಚ್ಚುವ ಸೊಪ್ಪಿನಲ್ಲಿ ಅರ್ಧ ಆ ದಡಕ್ಕೆ ಕಳಿಸುತ್ತಾನೆ, ಫರ್ಡಿಯಾ ತನಗೆ ಬಂದ ಊಟದಲ್ಲಿ ಅರ್ಧ ಈ ದಡಕ್ಕೆ. ಇಬ್ಬರ ಸಾರಥಿಗಳೂ ಒಂದೇ ಬೆಂಕಿಯ ಮುಂದೆ ಮೈ ಕಾಯಿಸುತ್ತಾರೆ. ನಾಲ್ಕನೆಯ ದಿನ ಫರ್ಡಿಯಾ ಸಾಯುತ್ತಾನೆ, ಕೂಹುಲಿನ್ ಅವನನ್ನು ಎತ್ತಿಕೊಂಡು ಗೋಳಾಡುತ್ತಾನೆ. ಲೌತ್ ಕೌಂಟಿಯ ಆರ್ಡೀ ಪಟ್ಟಣದ ಐರಿಷ್ ಹೆಸರು ಇವತ್ತಿಗೂ ‘ಫರ್ಡಿಯಾನ ಕಡವಿನ ಊರು’.

ನ್ಯೂಗ್ರೇಂಜ್ ಎಂಬ ಪ್ರಾಚೀನ ಸಮಾಧಿ ದಿಬ್ಬಕ್ಕೆ ಎಲ್ಲರೂ ಒಮ್ಮೆ ಹೋಗುತ್ತೀರಿ. ಅದರ ಪಕ್ಕದ ಬಾಯ್ನ್ ನದಿಗೆ ಬೋವನ್ ದೇವಿಯ ಹೆಸರು. ಹೋಗಬಾರದ ಬಾವಿಯ ಬಳಿ ಹೋಗಿ, ಆಕೆ ಅದಕ್ಕೆ ಅಪ್ರದಕ್ಷಿಣೆ ಬಂದಳಂತೆ. ನೀರು ಉಕ್ಕಿ ಅವಳನ್ನು ಕಡಲಿನವರೆಗೂ ಅಟ್ಟಿಸಿಕೊಂಡು ಹೋಯಿತು. ಆ ಹರಿವೇ ನದಿ.

‘ರಾತ್’ ಅಥವಾ ‘ಲಿಸ್’ ಎಂದು ಶುರುವಾದರೆ ಅಲ್ಲಿ ಹಿಂದೆ ವೃತ್ತಾಕಾರದ ಮಣ್ಣಿನ ಕೋಟೆ ಇತ್ತೆಂದು ತಿಳಿಯಿರಿ: ರಾತ್‌ಮೈನ್ಸ್, ಲಿಸ್ಟೋವಲ್. ಇಂಥ ದಿಬ್ಬಗಳು ‘ಶೀ’ ಜನರ, ಅಂದರೆ ಯಕ್ಷಿಯರ ನೆಲೆ ಎಂದು ಹಳ್ಳಿಗರು ನಂಬುತ್ತಾರೆ. ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿ ಅವರದೆನ್ನುವ ಒಂದು ಹಾಥಾರ್ನ್ ಮುಳ್ಳುಗಿಡವನ್ನು ಹೆದ್ದಾರಿ ಮಾಡುವಾಗಲೂ ಉಳಿಸಿಕೊಂಡರು. ವಾಕಿಂಗ್ ಹೋದಾಗ ಹೊಲದ ನಡುವೆ ಒಂಟಿ ಹಾಥಾರ್ನ್ ಕಂಡರೆ ಕೊಂಬೆ ಮುರಿಯಬೇಡಿ, ಮಕ್ಕಳಿಗೂ ಹೇಳಿ. ದಿಬ್ಬದ ಕೋಟೆಗಳಿಗೆ ಕಾನೂನಿನ ರಕ್ಷಣೆಯೂ ಇದೆ.

ಹಳ್ಳಿಯ ಕಡೆ ಮನೆ ಮಾಡಿದರೆ ವಿಳಾಸದಲ್ಲಿ ‘ಟೌನ್‌ಲ್ಯಾಂಡ್’ ಹೆಸರು ಇರುತ್ತದೆ. ಅದು ಪಟ್ಟಣವಲ್ಲ, ಜಮೀನಿನ ಹಳೆಯ ಸಣ್ಣ ಘಟಕ. ದ್ವೀಪದಲ್ಲಿ ಅಂಥವು 60,000ಕ್ಕೂ ಹೆಚ್ಚು. ಹಲವು ಮನೆಗಳಿಗೆ ಒಂದೇ ವಿಳಾಸ ಇರುವುದೂ ಉಂಟು. 2015ರಲ್ಲಿ ಬಂದ ಏರ್‌ಕೋಡ್ ಎಂಬ ಅಂಚೆ ಸಂಕೇತ ಪ್ರತಿ ಮನೆಗೂ ಬೇರೆ. ಡೆಲಿವರಿಗೆ, ಆಂಬುಲೆನ್ಸ್‌ಗೆ ಅದನ್ನೇ ಕೊಡಿ. ಅಕ್ಕಪಕ್ಕದವರ ಹತ್ತಿರ ಮಾತ್ರ ಟೌನ್‌ಲ್ಯಾಂಡ್ ಹೆಸರನ್ನೇ ಹೇಳಿ. ಐರಿಷ್ ಮಾತಾಡುವ ಗೇಲ್‌ಟಾಕ್ಟ್ ಸೀಮೆಗೆ ಕಾರಿನಲ್ಲಿ ಹೊರಟರೆ, ಫಲಕಗಳಲ್ಲಿ ಬರೀ ಐರಿಷ್ ಇರಬಹುದು. ಹೋಗುವ ಊರಿನ ಐರಿಷ್ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಿಮ್ಮ ಊರಿನ ಹೆಸರಿನ ಮೂಲಕ್ಕೆ ‘ಲೊಗಾನಿಮ್’ ಎಂಬ ಸರ್ಕಾರಿ ಜಾಲತಾಣ ನೋಡಿ, ಉಚ್ಚಾರವನ್ನೂ ಕೇಳಿಸುತ್ತದೆ. ಕಥೆ ಬೇಕಿದ್ದರೆ ‘ದೂಹಸ್’ ತಾಣವಿದೆ. 1937–39ರಲ್ಲಿ ಶಾಲೆಯ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ನೋಟ್‌ಬುಕ್‌ಗಳಲ್ಲಿ ಬರೆದ ಜನಪದ ಕಥೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಶಾಲೆಯ ಹೆಸರಿನಿಂದಲೂ ಹುಡುಕಬಹುದು. ಮಕ್ಕಳನ್ನು ಹತ್ತಿರದ ಹಳೆಯ ಶಾಲೆಗೆ ಸೇರಿಸಿದ್ದರೆ ಅದರ ಹೆಸರಿನಿಂದಲೇ ಶುರುಮಾಡಿ.